ತಿಳಿಯದೆ ಅಂದ ಹೂಂ

ನಾನು ಕಲಿತದ್ದು ಎರಡನೆಯ ಇಯತ್ತೆ. ನನ್ನ ಮೊಮ್ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸವಣೂರಿನ ಸಂತೆಯಲ್ಲಿ ಎಲೆ ಮಾರುವವಳಿಗೂ ಇದನ್ನು ಹೇಳಿದ್ದೇನೆ, ಒಂದೇ ಸಲವಲ್ಲ. "ಗೊತ್ತೈತಿ ತಗೋಬೇ, ಹೋದ ವಾರನೂ ಹೇಳಿದ್ದಿ," ಎಂದು ಅವಳು ನಗುತ್ತಾಳೆ. ನಗಲಿ. ಹಿಗ್ಗು ತುಂಬಿದ ಕೊಡದಂಥದು, ನಡೆದಷ್ಟೂ ತುಳುಕುತ್ತದೆ.

ಆದರೆ ಈ ಹಿಗ್ಗಿನ ಬುಡದಲ್ಲಿ ಒಂದು ತಪ್ಪು ಕುಂತಿದೆ. ಅದು ನನ್ನದು. ಅಕ್ಷರ ಕೂಡಿಸಿ ಕೂಡಿಸಿ ಬರೆದಿಡುತ್ತಿದ್ದೇನೆ.

ಈ ವರ್ಷ ಅವಳು ಕಾಲೇಜಿನಲ್ಲಿ ಹೊಸ ಪದ್ಧತಿ ಶುರು ಮಾಡಿದಳು. ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುತ್ತಾರಂತೆ. ನನಗೆ ತಿಳಿಯಲೆಂದು ಹೇಳಿದ್ದು ಹೀಗೆ: "ಆಯಿ, ಪಾಠ ಮನ್ಯಾಗ, ಮನಿಗೆಲಸ ಕ್ಲಾಸಿನ್ಯಾಗ. ಹುಡುಗರು ಮೊದಲ ನನ್ನ ವಿಡಿಯೋ ನೋಡಿ ಬರ್ತಾರ. ಲೆಕ್ಕ ಬಿಡಿಸೋದು, ಚಿತ್ರ ತಗಿಯೋದು ನನ್ನ ಮುಂದ."

"ಮತ್ತ ನೀ ಕ್ಲಾಸಿನ್ಯಾಗ ಏನ್ ಮಾಡ್ತಿ? ಸುಮ್ನ ಕುಂದ್ರಾಕ ಪಗಾರ ಕೊಡ್ತಾರೇನ?"

"ಬೆಂಚಿಂದ ಬೆಂಚಿಗೆ ತಿರಗತೇನಿ. ಯಾರು ಎಲ್ಲಿ ಸಿಕ್ಕೊಂಡಾರ ನೋಡತೇನಿ."

ಅವಳ ವಿಭಾಗದ ಹಿರಿಯರು ಒಂದು ಸೆಮಿಸ್ಟರಿನ ಮಟ್ಟಿಗೆ ಒಪ್ಪಿದ್ದರು. ಹುಡುಗರು ಹಿಂದೆ ಬಿದ್ದರೆ ಮತ್ತೆ ಹಳೇ ಬೋರ್ಡು, ಹಳೇ ಸೀಮೆಸುಣ್ಣ. ನನ್ನ ಕೂಸಿಗೆ ಆ ಪದ್ಧತಿಯ ಮೇಲೆ ಜೀವ. ಕಲಿಯುವಾಗ ಹಿಂದಿನ ಬೆಂಚಿನಲ್ಲಿ ತಾನು ಎಷ್ಟೋ ಸಲ ತಿಳಿಯದೆ ಕೂತದ್ದು ಅವಳಿಗೆ ನೆನಪಿತ್ತು.

ರಜೆಯ ದಿನ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲೇ ವಿಡಿಯೋ. ಜೋಳದ ಡಬ್ಬಿಯ ಮೇಲೆ ಫೋನು. "ಗ್ವಾಡಿಗೆ ಹೇಳಿದಂಗ ಆಗತೈತಿ ಆಯಿ, ನೀ ಮುಂದ ಕುಂದ್ರು," ಎಂದಳು. ಕುಂತೆ.

ನನ್ನ ತವರು ಅಬಲೂರು. ಅಲ್ಲಿ ಯಾರಾದರೂ ಕಥೆ ಹೇಳಿದರೆ ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಹೇಳುವವರ ಮನಸ್ಸು ಮುರಿಯಬಾರದು ನೋಡಿ. ನಮ್ಮವ್ವನಿಗೆ ಹೂಂಗುಟ್ಟಿದ ಹಾಗೆಯೇ ಮೊಮ್ಮಗಳಿಗೂ ಹೂಂಗುಟ್ಟಿದೆ. ಫೋನು ಅದನ್ನೂ ಹಿಡಿಯಿತು. "ಇರಲಿ, ಚಂದ ಕೇಳಸತೈತಿ," ಎಂದು ಅವಳು ತೆಗೆಯಲಿಲ್ಲ. ಹುಡುಗರು ನನಗೆ ಹೂಂ ಅಜ್ಜಿ ಅಂತ ಹೆಸರಿಟ್ಟರಂತೆ! ಎಲೆ ಮಾರುವವಳಿಗೆ ಅದನ್ನೂ ಹೇಳಿದೆ.

ಒಂದು ದಿನ ಕಾಂಕ್ರೀಟ್ ತೊಲೆಯ ಪಾಠ. ಎರಡೂ ತುದಿ ಗೋಡೆಯ ಮೇಲಿದ್ದು ನಡುವೆ ಭಾರ ಬಿದ್ದರೆ ಕೆಳಗಿನ ಮಗ್ಗುಲು ಜಗ್ಗಿ ಬಿರಿಯುತ್ತದೆ, ಅದಕ್ಕೆ ಕಬ್ಬಿಣದ ಸಳಿ ಕೆಳಗೆ ಇಡಬೇಕು ಎಂದಳು. ಹೂಂ. ಛಜ್ಜಕ್ಕೂ, ಅಂದರೆ ಕಿಟಕಿಯ ಮೇಲೆ ಗೋಡೆಯಿಂದ ಹೊರಗೆ ಚಾಚಿದ ಹಾಸಿಗೂ, ಇದೇ ರೀತಿ ವಿಚಾರ ಮಾಡ್ರಿ ಎಂದಳು. ನನ್ನ ಬಾಯಿ ತಡೆಯಿತು. ಶಿಗ್ಗಾಂವಿಯಲ್ಲಿ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊತ್ತವಳು ನಾನು. ಛಜ್ಜದ ಸಳಿ ಮೇಲೆ ಇರುತ್ತಿತ್ತು. ಅದನ್ನು ತುಳಿದು ಕೆಳಗೆ ಒತ್ತಿದರೆ ಗಾರೆ ಕೆಲಸದ ಗೌಂಡಿ ಅವ್ವ ಅಪ್ಪ ಎತ್ತಿ ಬೈಯುತ್ತಿದ್ದ. ಇವಳು ಕೆಳಗೆ ಅನ್ನುತ್ತಾಳಲ್ಲ? ಕೇಳೋಣ ಅಂದುಕೊಂಡೆ. ಇಂಜಿನಿಯರಿಗೆ ಬುಟ್ಟಿ ಹೊತ್ತವಳು ಏನು ಕೇಳುವುದು! ಹೂಂ ಅಂದೆ.

ಮರುವಾರ ಕ್ಲಾಸಿನಲ್ಲಿ ಛಜ್ಜದ ಚಿತ್ರ ತೆಗೆಯಲು ಕೊಟ್ಟಳು. ಹೆಚ್ಚುಕಡಿಮೆ ಎಲ್ಲರೂ ಸಳಿಯನ್ನು ಕೆಳಗೆ ಎಳೆದಿದ್ದರು. ಎಲ್ಲಿ ಬಿರಿಯುತ್ತದೆ ಹುಡುಕಲಿ ಎಂದು ಅವಳು ಹೇಳಿದ್ದನ್ನು ಅವರೂ ನನ್ನ ಹಾಗೆ ಕೆಳಗೆ ಅಂತಲೇ ತಿಳಿದಿದ್ದರು. ಅದೇ ಹೊತ್ತಿಗೆ ಆ ಹಿರಿಯರು ಬಾಗಿಲಲ್ಲಿ ನಿಂತಿದ್ದರು. "ನೀವು ಕಲಸಿದ್ದು ಇದೇ ಏನ್ರಿ? ಮುಂದಿನ ಟೆಸ್ಟ್ ತನಕ ನೋಡೂಣು. ಸುಧಾರಿಸಲಿಲ್ಲಂದ್ರ ಇದನ್ನ ಬಿಟ್ಟುಬಿಡ್ರಿ," ಎಂದು ಹುಡುಗರ ಮುಂದೆಯೇ ಹೇಳಿ ಹೋದರಂತೆ.

ಮನೆಗೆ ಬಂದವಳು ಚಹಾ ಸಹ ಮುಟ್ಟಲಿಲ್ಲ. ತಿಳಿಯದಿದ್ದರೆ ಯಾಕೆ ಕೇಳಲಿಲ್ಲ ಎಂದು ಹುಡುಗರನ್ನು ಕೇಳಿದಾಗ, ಹಿರೇಕೆರೂರು ಕಡೆಯ ಒಬ್ಬ ಹುಡುಗಿ ತಲೆ ತಗ್ಗಿಸಿ ಹೇಳಿದ್ದಳಂತೆ: "ವಿಡಿಯೋದಾಗ ಆ ಅಜ್ಜಿನೂ ಹೂಂ ಅಂತಾರಲ್ರಿ ಮೇಡಂ. ಅವರಿಗೆ ತಿಳಿದದ್ದು ನಮಗ ತಿಳೀಲಿಲ್ಲ ಅಂತ ಹೆಂಗ ಹೇಳೂದ್ರಿ?"

ನಾನು ಅವಳ ಹತ್ತಿರ ಸರಿದು ಕುಂತೆ.

"ನನಗೂ ತಿಳಿದಿರಲಿಲ್ಲ ನನ್ನವ್ವಾ."

"ಮತ್ತ ಯಾಕ ಹೂಂ ಅಂದಿ?"

"ನಿನಗ ಬ್ಯಾಸರ ಆಗಬಾರದು ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆಲ ನೋಡುತ್ತ, "ನಮ್ಮವ್ವನೂ ಹಿಂಗ ಹೂಂ ಅಂತಿದ್ಲು," ಎಂದಳು, ಅಷ್ಟೇ.

ಅವಳ ಅವ್ವ ಅಂದರೆ ನನ್ನ ಮಗಳು. ಒಬ್ಬಳೇ ಮಗಳು. ಹಾನಗಲ್ಲಿಗೆ ಕೊಟ್ಟಿದ್ದೆ. ಹುಡುಗ ಮನಸ್ಸಿಗೆ ಬಂದಾನೇನ ಅಂದರೆ ಹೂಂ. ನೋಡಲು ಹೋದಾಗೆಲ್ಲ, ಆರಾಮ ಅದೀಯೇನ ಅಂದರೆ ಹೂಂ. ಆ ಹೂಂ ನಂಬಿ ಎಷ್ಟು ಸಲ ವಾಪಸು ಬಸ್ಸು ಹತ್ತಿದೆನೋ! ಹೊಟ್ಟೆಯೊಳಗೆ ಗಂಟು ಬೆಳೆಯುತ್ತಿದ್ದದ್ದು ಡಾಕ್ಟರು ಹೇಳಿದಾಗಲೇ ಗೊತ್ತಾದದ್ದು. ಆಗ ಕೈಮೀರಿತ್ತು. ಅವಳು ಹೋದಾಗ ಈ ಮೊಮ್ಮಗಳು ಆರನೆಯ ಇಯತ್ತೆಯಲ್ಲಿದ್ದಳು. ಅಂದಿನಿಂದ ನನ್ನ ಸೆರಗು ಹಿಡಿದೇ ಬೆಳೆದಳು.

ಆ ಹೂಂ ನನ್ನ ಮಗಳಿಗೆ ಕಲಿಸಿದವಳು ಯಾರು? ತೊಡೆಯ ಮೇಲೆ ಹಾಕಿಕೊಂಡು, "ಹೂಂ ಅನ್ನು, ಇಲ್ಲಂದ್ರ ಕಥಿ ಹೇಳಂಗಿಲ್ಲ," ಎಂದವಳು ನಾನೇ.

ಮುಂದಿನ ಭಾನುವಾರ ಅವಳು ಮತ್ತೆ ಡಬ್ಬಿಯ ಮೇಲೆ ಫೋನು ಇಟ್ಟಳು. "ಆಯಿ, ಇವತ್ತು ಹೂಂ ಬ್ಯಾಡ. ತಿಳೀದಿದ್ರ ತಡಿ ಅನ್ನು." ನಾನು ಗೌಂಡಿಯ ಮಾತು ಎತ್ತಿದೆ. ಅವಳು, "ಇಷ್ಟು ದಿನ ಇದನ್ನ ಹೊಟ್ಟ್ಯಾಗ ಇಟಗೊಂಡಿದ್ದೇನ!" ಎಂದು ಖಡಕ್ ರೊಟ್ಟಿಯ ಬುಟ್ಟಿಗೆ ಕೈ ಹಾಕಿದಳು. ಎರಡು ಬಟ್ಟಲ ಮೇಲೆ ಒಂದು ರೊಟ್ಟಿ ಇಟ್ಟು ನಡುವೆ ಒತ್ತಿದಳು. ಬಿರುಕು ಕೆಳಗಿನಿಂದ ಎದ್ದಿತು. ಇನ್ನೊಂದರ ಒಂದೇ ತುದಿಯನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿದು, ಛಜ್ಜದ ಹಾಗೆ ಹೊರಗೆ ಚಾಚಿದ ತುದಿಯನ್ನು ಮೆಲ್ಲಗೆ ಒತ್ತಿದಳು.

"ನೋಡು, ಎಲ್ಲಿ ಬಿರೀತು?"

"ಮ್ಯಾಲ! ಅಯ್ಯ ಶಿವನ, ಅದಕ್ಕ ಬೈತಿದ್ದ ಆ ಗೌಂಡಿ!"

ನನ್ನ ಕೂಗು ವಿಡಿಯೋದಲ್ಲಿ ಹಾಗೇ ಇದೆ. ಕ್ಲಾಸಿನಲ್ಲಿ ಹುಡುಗರು ಅದನ್ನು ಕೇಳಿ ನಕ್ಕರಂತೆ. ನಕ್ಕ ಮೇಲೆ ಆ ಹಿರೇಕೆರೂರಿನ ಹುಡುಗಿಯೇ ಮೊದಲು ಕೈ ಎತ್ತಿ, "ನನಗೂ ತಿಳಿದಿರಲಿಲ್ರಿ," ಎಂದಳಂತೆ. ಅಂದಿನಿಂದ ಮೊಮ್ಮಗಳು ಬೆಂಚಿನ ಹತ್ತಿರ ಹೋಗಿ ತಿಳೀತಾ ಎಂದು ಕೇಳುವುದನ್ನೇ ಬಿಟ್ಟಳು. "ತೋರ್ಸ್ರಿ," ಅನ್ನುತ್ತಾಳೆ. ಮಾಡಿ ತೋರಿಸಬೇಕು, ಹೂಂಗೆ ಜಾಗವೇ ಇಲ್ಲ.

ಟೆಸ್ಟ್ ಆಯಿತು. ಹೋದ ವಾರ ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ಬಂದವಳು ಬಾಗಿಲಲ್ಲೇ ಕೂಗಿದಳು: "ಆಯಿ, ಮುಂದಿನ ಸೆಮಿಸ್ಟರೂ ನಮ್ಮ ಪದ್ಧತಿನ!" ನಾನು ಕುಂತಲ್ಲಿಂದ ಎದ್ದು ಓಡಿ ಅವಳ ಗಲ್ಲ ಸವರಿ ನೆಟಿಗೆ ಮುರಿದೆ. ಓಡಿದ್ದೇ ತಪ್ಪಾಯಿತು.

"ಮೊಣಕಾಲು ಹ್ಯಾಂಗೈತಿ?" ಎಂದಳು.

"ಹೂಂ, ಆರಾಮ."

ಅವಳು ಬ್ಯಾಗು ಕೆಳಗಿಟ್ಟಳು. ನನ್ನ ಮುಂದೆ ನೆಲದ ಮೇಲೆ ಕುಂತಳು.

"ತೋರ್ಸು."

ಸೀರೆ ಮೇಲೆತ್ತಿ ಬಾತುಕೊಂಡ ಮೊಣಕಾಲು ತೋರಿಸಿದೆ. ಅವಳು ಎಣ್ಣೆ ಬಿಸಿ ಮಾಡಲು ಎದ್ದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತೋರ್ಸು ಅನ್ನುವ ಇದೊಂದು ಮಾತು ಹಾನಗಲ್ಲಿನ ಆ ಪಡಸಾಲೆಯಲ್ಲಿ, ನನ್ನ ಮಗಳ ಮುಂದೆ ಕುಂತಾಗ, ಒಂದೇ ಒಂದು ಸಲ ನನ್ನ ಬಾಯಿಗೆ ಬಂದಿದ್ದರೆ.