ಕಡುಲಿಂಬ, ಕಢಿಲಿಂಬ

ನಾನು ಶೇರ್ ಆಟೋ ಇಳಿದು ಗೇಟು ತೆಗೆದಾಗ ಅಜ್ಜಿ ಅಂಗಳದ ಬೇವಿನ ಮರಕ್ಕೆ ಬೆನ್ನು ಹಚ್ಚಿ ನಿಂತಿದ್ದಳು. ಮೇಲೆ, ಬೋಳು ಟೊಂಗೆಗಳ ನಡುವೆ, ಮರ ಕಡಿಯುವ ಕಾಕಾ ಗರಗಸ ಆಡಿಸುತ್ತಿದ್ದರು. ಕಟ್ಟಿಗೆಯ ಪುಡಿ ಅವಳ ಸೆರಗಿನ ಮೇಲೆ ಉದುರುತ್ತಿತ್ತು.

“ಅಜ್ಜಿ, ಬಾಜೂಕ ಸರೀರಿ! ಟೊಂಗಿ ತಲಿ ಮ್ಯಾಲ ಬಿದ್ದೀತು,” ಎಂದು ಮೇಲಿಂದ ಕೂಗಿದರು.

“ಬೀಳಲಿ. ನನ್ನೂ ಗಿಡಾನೂ ಕೂಡೇ ಹೊತಗೊಂಡ ಹೋಗು.”

ಬೆಳಿಗ್ಗೆ ಕುಪವಾಡದ ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ಅವ್ವ ಈ ಕಾಕಾಗೆ ಫೋನಿನಲ್ಲಿ ಮರಾಠಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೆ: ಒಣಗಿದ ಕಢಿಲಿಂಬ ಕಡಿಯಬೇಕು. ಕಢಿಲಿಂಬ ಅಂದರೆ ಕರಿಬೇವು. ನಮ್ಮದು ಹಿತ್ತಲಲ್ಲಿ ಹುಳ ಹತ್ತಿ ಸತ್ತಿತ್ತು. ಕಾಕಾಗೆ ಕೇಳಿಸಿದ್ದು ಕಡುಲಿಂಬ. ಅಂದರೆ ಬೇವು. ಎಲೆಯೆಲ್ಲ ಉದುರಿಸಿಕೊಂಡು ಅದೂ ಒಣಗಿದ ಹಾಗೇ ನಿಂತಿತ್ತಲ್ಲ.

“ಕಾಕಾ, ಗಿಡಾ ತಪ್ಪೇತ್ರಿ! ಹಿತ್ತಲದಾಗಿನ ಕರಿಬೇವು ಕಡೀಬೇಕ್ರಿ!”

“ನಿಮ್ಮವ್ವಾರ ಕಡೆ ಹೇಳಸು. ಮತ್ತ ಇದೂ ಸತ್ತೇತಿ ನೋಡವಾ. ಜೀವ ಐತಿ ಅನ್ನೂದಕ್ಕ ಪುರಾವಾ ಏನು?”

ಪುರಾವೆ ಕೇಳುವುದು ನನ್ನ ಕೆಲಸ. ಅದೇ ಬೆಳಿಗ್ಗೆ ಅಜ್ಜಿ ಮೊಗ್ಗು ಬಿಟ್ಟ ಮಲ್ಲಿಗೆ, ಪಕ್ಕದ ಮನೆಯ ಮಾವಿನ ಹೂವು ತೋರಿಸಿ, ಪಾಡ್ವಾದೊಳಗೆ, ಅಂದರೆ ಯುಗಾದಿಯೊಳಗೆ, ಬೇವು ಚಿಗುರುತ್ತದೆ ಎಂದಾಗ ನಾನು ಕೇಳಿದ್ದೂ ಇದನ್ನೇ. ಮಲ್ಲಿಗೆ ಮೊಗ್ಗಾದರೆ ಬೇವು ಯಾಕೆ ಚಿಗುರಬೇಕು? ಎರಡಕ್ಕೂ ಏನು ಸಂಬಂಧ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾದರೆ ನನಗೇ ಅಂಕ.

ಅವ್ವನಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ. ಗರಗಸ ನಿಲ್ಲಲಿಲ್ಲ. ಕಾಂಡವನ್ನು ಉಗುರಿನಿಂದ ಕೆರೆದೆ. ದಪ್ಪ ತೊಗಟೆ, ಉಗುರು ಮುರಿಯಿತು, ಹಸಿರು ಕಾಣಲಿಲ್ಲ.

“ಬುಡಾ ಏನ ಕೆರೀತಿ ವಕೀಲಬಾಯಿ? ತುದಿ ನೋಡಂತ ಹೇಳ ಅವಗ!” ಅಜ್ಜಿ ಗದರಿದಳು.

“ಕಾಕಾ, ತುದಿ ಮುರೀರಿ! ಒಂದ ತುದಿ! ಏನೂ ಇಲ್ಲಂದ್ರ ಕಡೀರಿ, ನಾನ ಅಜ್ಜೀನ್ನ ಒಳಗ ಕರಕೊಂಡ ಹೋಗ್ತೀನಿ.”

ಅಜ್ಜಿ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಮಾತು ವಾಪಸ್ ತಗೊಳ್ಳಬೇಕೆನಿಸಿತು.

ಗರಗಸ ನಿಂತಿತು. ಲಟಕ್ ಎಂದಿತು. ಕಾಕಾ ಮುರಿದ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಒಂದು ಕಡ್ಡಿ ನನ್ನ ಕಾಲ ಬಳಿ ಬಿತ್ತು. ತುದಿಯಲ್ಲಿ ಎಳ್ಳುಕಾಳಿನಷ್ಟು ಕೆಂಪು ಚಿಗುರು, ಇನ್ನೂ ಮುಷ್ಟಿ ಬಿಚ್ಚದ್ದು.

“ಆತು, ಇಳೀತೇನಿ. ಆದ್ರ ಈ ಟೊಂಗಿ ಅರ್ಧಾ ಕೊಯ್ದೇನಲ್ಲ…”

“ಹಗ್ಗ ಕಟ್ಟು,” ಎಂದಳು ಅಜ್ಜಿ, ಮರ ಬಿಡದೆ. ಕಾಕಾ ಕಟ್ಟಿದರು.

ಪಾಡ್ವಾಕ್ಕೆ ಇಡೀ ಮರ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಬ್ಬಕ್ಕೆ ಮನೆಯ ಮುಂದೆ ಏರಿಸುವ ಗುಡಿಯ ಕೋಲಿಗೆ ಕಟ್ಟಲು ಅಜ್ಜಿ ಚಿಗುರು ಮುರಿದು ಕೊಟ್ಟಳು. ಹಗ್ಗ ಕಟ್ಟಿದ ಟೊಂಗೆ ಮಾತ್ರ ಬೋಳು.

“ಅದು ಸತ್ತೇತಿ, ಕಡಸೂಣು,” ಎಂದಳು ಅವ್ವ.

“ಸತ್ತೇತಿ ಅನ್ನೂದಕ್ಕ ಪುರಾವಾ ಏನು?” ಎಂದೆ.

ಅಜ್ಜಿ ನಗಲಿಲ್ಲ. ಆ ಟೊಂಗೆ ಬಿದ್ದೀತೆಂದು ಅದರ ಕೆಳಗಿನ ತಂತಿಯ ಮೇಲೆ ಈಗ ಯಾರೂ ಬಟ್ಟೆ ಒಣಹಾಕುವುದಿಲ್ಲ. ನಾನೂ ಹಾಕುವುದಿಲ್ಲ.