ಕಾಕಾರ ಪೈಲಟ್ ಜಾಕೆಟ್ ಮತ್ತು ನಾನು ಹೇಳಿದ ಸುಳ್ಳು

ಗಂಡನ ರೈಲ್ವೆ ನೌಕರಿಯಿಂದಾಗಿ ನಾವು ಹುಬ್ಬಳ್ಳಿ ಬಿಟ್ಟು ನಾಗಪುರಕ್ಕೆ ಬಂದೆವು. ಮಕ್ಕಳು ಕಾಲೇಜಿಗೆ ಹೋಗತೊಡಗಿದ ಮೇಲೆ, ಪಕ್ಕದ ಊರಾದ ಕಾಮಠಿಯಲ್ಲಿ ಚರ್ಮದ ಕೆಲಸ ಮಾಡುವ ಒಬ್ಬ ಮುದುಕರ ಹತ್ತಿರ ಹಳೆಯ ಬ್ಯಾಗು, ಸೋಫಾಗಳಿಗೆ ಬಣ್ಣ ಕಟ್ಟುವುದನ್ನು ಕಲಿತೆ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿಯಾಯಿತು. ಸರಿಮಾಡುವ ಮೊದಲಿನದು, ಆಮೇಲಿನದು ಎಂದು ಎರಡು ಫೋಟೋ ಮೊಬೈಲಿನಲ್ಲಿ ಹಾಕಿ ಜನರ ಹೊಗಳಿಕೆ ಓದುವ ಚಟವೂ ಹತ್ತಿಕೊಂಡಿತು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ನಮ್ಮ ಓಣಿಯ ಕಾಕಾ ಒಂದು ಜಾಕೆಟ್ ತಂದರು. ಅವರು ವಾಯುಪಡೆಯಲ್ಲಿ ವಿಮಾನದ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ವಿಜಾಪುರದ ಕಡೆಯವರು. ಅದು ಹಳೆಯ ಕಾಲದ ಪೈಲಟ್ ಜಾಕೆಟ್: ಕುರಿಯ ಉಣ್ಣೆ ಒಳಕ್ಕೆ, ಚರ್ಮ ಹೊರಕ್ಕೆ. ಚರ್ಮದ ಮೇಲೆ ಬಳಿದ ಕಂದು ಬಣ್ಣ ಭುಜದಲ್ಲೂ ಮೊಣಕೈಯಲ್ಲೂ ಹಕ್ಕಳೆ ಹಕ್ಕಳೆಯಾಗಿ ಎದ್ದು, ಕೆಳಗಿನ ಬಿಳಿ ಕಾಣುತ್ತಿತ್ತು.

"ನಮ್ಮ ಸಾಹೇಬ್ರು ಕೊಟ್ಟದ್ದು, ತಂಗಿ," ಎಂದರು. "ಗುಡ್ಡದ ಮ್ಯಾಲಿನ ಏರ್‌ಫೀಲ್ಡಿನ್ಯಾಗ ಇದ್ವಿ. ಥಂಡಿ ಅಂದ್ರ ಅಂಥಿಂಥಾ ಥಂಡಿ ಅಲ್ಲ. ಡಿಸೆಂಬರಿಗೆ ನಮ್ಮ ಹಳೇ ಮಂದಿ ಎಲ್ಲಾ ಇಲ್ಲೇ ಕೂಡತೇವಿ. ಅವತ್ತ ಹಾಕ್ಕೋಬೇಕು. ಜಲ್ದಿ ಏನಿಲ್ಲ."

ಅವರಿಗೆ ಅವಸರವಿರಲಿಲ್ಲ. ಅವಸರ ನನಗಿತ್ತು. ಅಂಥ ಜಾಕೆಟ್ಟಿನ ಫೋಟೋ ಹಾಕಿದರೆ ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಮೊದಲು ಕಾಲರಿನ ಅಡಿಯಲ್ಲಿ ಬೆರಳಗಲ ಒರೆಸಿ ಪರೀಕ್ಷಿಸಬೇಕು. ಇಷ್ಟು ಹಳೆಯ ಚರ್ಮಕ್ಕೆ ನೀರು ತಾಗಿಸಬಾರದು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಸೋಪಿನ ನೀರಿನಲ್ಲಿ ಸ್ಪಂಜು ಅದ್ದಿ ಇಡೀ ಜಾಕೆಟ್ ತಿಕ್ಕಿದೆ. ಉಣ್ಣೆ ನೀರು ಕುಡಿದು ಭಾರವಾಯಿತು. ನೆರಳಲ್ಲಿ ಒಣಗಲು ನಾಲ್ಕು ದಿನ ಬೇಕು ಅನ್ನಿಸಿ, ಮಾಳಿಗೆಯ ಹಗ್ಗದ ಮೇಲೆ ಹರವಿ ಬಂದೆ. ನಾಗಪುರದ ಮೇ ತಿಂಗಳ ಬಿಸಿಲು ಅದು.

ಊಟ ಮುಗಿಸಿ ಹೋಗಿ ನೋಡಿದರೆ ತೋಳುಗಳು ಸೆಟೆದು ನಿಂತಿದ್ದವು. ಒಂದೊಂದು ತೋಳೂ ನಾಲ್ಕು ಬೆರಳು ಗಿಡ್ಡವಾಗಿತ್ತು. ಮಡಚಲು ಹೋದಾಗ ಭುಜದ ಚರ್ಮ ಹಪ್ಪಳದಂತೆ ಮುರಿಯಿತು.

ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಕಾಕಾ ತಾವಾಗಿಯೇ ಬಂದರು. ಜಾಕೆಟ್ ತೋರಿಸಿ, "ಚರ್ಮ ಒಳಗಿಂದಲೇ ಸತ್ತಿತ್ತು, ಕಾಕಾ. ಕೈ ಹಚ್ಚಿದ ಕೂಡಲೇ ಹರೀತು," ಎಂದೆ. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಹರಿದ ಭುಜವನ್ನು ಸವರುತ್ತ ಕೂತರು. "ತಪ್ಪು ನಂದ ಐತಿ. ಇಷ್ಟು ವರ್ಷ ತಗಡಿನ ಟ್ರಂಕಿನ್ಯಾಗ ತುರುಕಿ ಇಟ್ಟಿದ್ನಿ. ನಿನಗ ಸುಮ್ಮನ ತ್ರಾಸ ಕೊಟ್ಟೆ, ತಂಗಿ. ಮಾಫ್ ಮಾಡು," ಎಂದು ನನ್ನ ಕ್ಷಮೆ ಕೇಳಿ ಜಾಕೆಟ್ ಮನೆಗೆ ಒಯ್ದರು.

ಆಮೇಲೆ ಅವರ ಹೆಂಡತಿ ಕಾಕು ಸಿಕ್ಕಿದಲ್ಲೆಲ್ಲ ಅದೇ ಮಾತು. "ಕೊಟ್ಟವ್ರ ಮರ್ಯಾದಿ ಇಡಲಿಲ್ಲ ನೋಡವಾ ಈ ಮನಶ್ಯಾ. ನುಸಿಗುಳಿಗಿ ಇಡ್ರಿ, ಗಾಳಿಗೆ ಹಾಕ್ರಿ ಅಂತ ಬಡಕೊಂಡೆ." ಕಾಕಾ ಪಕ್ಕದಲ್ಲಿ ತಲೆ ತಗ್ಗಿಸಿ ಚೀಲ ಹಿಡಿದು ನಿಂತಿರುತ್ತಿದ್ದರು. ನಾನು "ಹೋಗಲಿ ಬಿಡ್ರಿ ಕಾಕು" ಎಂದು ದೊಡ್ಡಸ್ತಿಕೆಯಿಂದ ಸಮಾಧಾನ ಹೇಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಕಾ ಫೋನ್ ಹಿಡಿದುಕೊಂಡು ಬಂದರು. ಆ ಸಾಹೇಬರು ಈಗ ತುಂಬ ವಯಸ್ಸಾಗಿ ಪುಣೆಯಲ್ಲಿದ್ದಾರಂತೆ, ಡಿಸೆಂಬರಿಗೆ ಬರುತ್ತಾರಂತೆ. ಅದಕ್ಕೆ ಮೊದಲೇ ತಪ್ಪೊಪ್ಪಿಕೊಳ್ಳಬೇಕು ಎಂದು ಇವರ ಮನಸ್ಸು. "ಚರ್ಮದ ವಿಷಯ ನನಗ ತಿಳಿಸಾಕ ಬರೂದಿಲ್ಲ. ನೀನ ಒಂಚೂರು ಬರೋಬರ್ ಹೇಳು," ಎಂದು ಫೋನ್ ನನ್ನ ಕೈಗಿಟ್ಟರು.

ನಾನು ಹಿಂದಿಯಲ್ಲಿ ಮತ್ತೆ ಅದೇ ಸುಳ್ಳು ಹೇಳಿದೆ. ಆ ಕಡೆಯಿಂದ ಸಣ್ಣಗೆ ನಗು ಕೇಳಿಸಿತು. "ಚರ್ಮ ಹೋದರೆ ಹೋಗಲಿ, ಬೇಟಿ. ಯಾಕೆ ಕೊಟ್ಟೆ ಅಂತ ಹೇಳಿದ್ದಾನಾ?" ಥಂಡಿಗೆ ಅಂತಲ್ಲವೇ, ಎಂದೆ. ಅಲ್ಲವಂತೆ. ಒಂದು ದಿನ ಸಾಹೇಬರು ವಿಮಾನದಲ್ಲಿ ಕೂತು ಇಂಜಿನ್ ಶುರುಮಾಡುವ ಹೊತ್ತಿಗೆ ಕಾಕಾ ಅಡ್ಡ ಬಂದು, ನಟ್ಟು ಬಿಗಿಯುವ ತನ್ನ ಒಂದು ಪಾನಾ ಲೆಕ್ಕಕ್ಕೆ ಸಿಗುತ್ತಿಲ್ಲ, ಬಹುಶಃ ಇಂಜಿನ್ನಿನಲ್ಲೇ ಬಿಟ್ಟಿದ್ದೇನೆ ಎಂದು ಹೇಳಿದರಂತೆ. ಪಾನಾ ಅಲ್ಲೇ ಸಿಕ್ಕಿತಂತೆ, ಅದಕ್ಕೆ ಅವರಿಗೆ ಶಿಕ್ಷೆಯೂ ಆಯಿತಂತೆ. "ಅವನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಇವತ್ತು ಫೋನಿನಲ್ಲಿ ಇರುತ್ತಿರಲಿಲ್ಲ," ಎಂದರು ಸಾಹೇಬರು.

ಕಾಕಾ ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತು, ನಾನು ಚೆನ್ನಾಗಿ ವಿವರಿಸುತ್ತಿದ್ದೇನೆಂದು ತಲೆಯಾಡಿಸುತ್ತಿದ್ದರು. ನನ್ನಿಂದ ತಡೆಯಲಾಗಲಿಲ್ಲ. "ಸರ್, ಚರ್ಮ ಚೆನ್ನಾಗಿತ್ತು. ನಾನೇ ನೀರು ಹಾಕಿ ಬಿಸಿಲಿಗೆ ಒಣಗಿಸಿ ಕೆಡಿಸಿದೆ. ಇವರಿಗೂ ಸುಳ್ಳು ಹೇಳಿದ್ದೇನೆ," ಎಂದೆ.

ಕಾಕಾ ಎದ್ದು ಫೋನ್ ಇಸಿದುಕೊಂಡು, ಆಮೇಲೆ ಮಾಡುತ್ತೇನೆ ಎಂದು ಹೇಳಿ ಇಟ್ಟರು. ಮತ್ತೆ ಕುರ್ಚಿಯಲ್ಲಿ ಕೂತರು.

"ಕೆಲಸದಾಗ ತಪ್ಪು ಆಗತಾವ," ಎಂದರು. "ಆದ್ರ ನಾಕು ತಿಂಗಳಾತು, ನಾನು ಆಕಿ ಮುಂದ ತಲಿ ಎತ್ತಿಲ್ಲ. ನೀ ನೋಡಕೋತ ನಿಂತಿದ್ದಿ."

ಜಾಕೆಟ್ಟನ್ನು ಇನ್ನೊಮ್ಮೆ ಕೊಡಿ ಎಂದು ಕೇಳಲು ನನಗೆ ಎರಡು ವಾರ ಬೇಕಾಯಿತು. ಅವರು ತಂದಿಟ್ಟು ಹೋದರು. ಕಾಮಠಿಯ ಗುರುಗಳ ಹತ್ತಿರ ಒಯ್ದು ನಡೆದದ್ದೆಲ್ಲ ಹೇಳಿ ಬೈಸಿಕೊಂಡೆ. ಅವರು ಹೇಳಿದಂತೆ ಹರಿದ ಭುಜಕ್ಕೆ ಒಳಗಿಂದ ತೆಳು ಕುರಿಚರ್ಮದ ತೇಪೆ ಅಂಟಿಸಿದೆ. ಬಣ್ಣವನ್ನು ನೀರಿನಷ್ಟು ತೆಳುವಾಗಿ, ದಿನಕ್ಕೆ ಒಂದೇ ಕೈ, ನೆರಳಲ್ಲಿ ಒಣಗಿಸಿ ಏಳು ಸಲ ಕಟ್ಟಿದೆ. ಫೋಟೋ ತೆಗೆಯಲಿಲ್ಲ. ಬಣ್ಣ ಚೆನ್ನಾಗಿ ಕೂತಿತು. ಗಿಡ್ಡಾದ ತೋಳು ಮಾತ್ರ ಗಿಡ್ಡಾಗಿಯೇ ಉಳಿಯಿತು.

ಡಿಸೆಂಬರಿನಲ್ಲಿ ಮನೆಗೆ ಒಯ್ದು ಕೊಟ್ಟೆ. ಕಾಕಾ ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಮಣಿಕಟ್ಟು ಹೊರಗೇ ಇತ್ತು. "ಇದನ್ನ ಹಾಕ್ಕೊಂಡು ಹೋಗತೇನಿ," ಎಂದರು. ಹಾಗೇ ಹೋದರು ಕೂಡ.

ಕಾಕಾ ಈಗ ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾರೆ. ನಿಜ ತಿಳಿದಂದಿನಿಂದ ಕಾಕು ಮಾತಾಡಿಸುವುದಿಲ್ಲ. ಜಾಕೆಟ್ ಕೊಡಲು ಹೋದ ದಿನ ನನ್ನನ್ನು ಕಂಡು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅವರನ್ನು ದೂರಲಾರೆ. ಅವರ ಬಾಯಿಂದ ಅವರ ಗಂಡನನ್ನು ಬೈಸಿದವಳು ನಾನು.