ಜೆರಾಕ್ಸ್ ಅಕ್ಕ ಬೆರೆಸಿದ ಹಾಳೆಗಳು

ಕಾಲೇಜಿನ ಹಿಂಬಾಗಿಲಿನ ಎದುರು, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಎರಡು ಯಂತ್ರಗಳ ನಡುವೆ ನಿಂತವಳನ್ನು ವಿದ್ಯಾರ್ಥಿಗಳೆಲ್ಲ ಜೆರಾಕ್ಸ್ ಅಕ್ಕ ಎನ್ನುತ್ತಿದ್ದರು. ಓದಿದ್ದು ಹತ್ತನೇ ತರಗತಿ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ಕೊನೆಯ ದಿನ ಪ್ರಬಂಧ ಹಿಡಿದು ಓಡಿಬರುವವರನ್ನು "ವರ್ಷವಿಡೀ ಕತ್ತೆ ಕಾಯ್ತಿದ್ರಾ?" ಎಂದು ಮೊದಲು ಬೈದು, ಆಮೇಲೆ ಕೆಲಸ ಮುಗಿಸಿಕೊಡುವಳು. ಎರಡೂ ಯಂತ್ರ ಒಟ್ಟಿಗೆ ಓಡಿಸಿ, ಎರಡೂ ಕೈಯಲ್ಲಿ ಹಾಳೆ ಎತ್ತಿ ಜೋಡಿಸುವುದು ಅವಳ ಹೆಮ್ಮೆ. ಆ ಹೆಮ್ಮೆಯೇ ಒಂದು ಮಧ್ಯಾಹ್ನ ಎಡವಟ್ಟು ಮಾಡಿತು.

ಅವತ್ತು ಅವಳ ಮನಸ್ಸು ಅಂಗಡಿಯಲ್ಲಿರಲಿಲ್ಲ. ಒಡಹುಟ್ಟಿದ ತಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲು, ತಟ್ಟೆಗಳನ್ನು ಮೆರುಗು ಕೊಡುವ ದ್ರಾವಣ ತುಂಬಿದ ಹೊಳಪಿನ ತೊಟ್ಟಿಗೆ ಅದ್ದಿ ತೆಗೆಯುವವನು. ಹದಿನಾಲ್ಕು ವರ್ಷದ ಕೆಲಸ. ಎರಡು ತಿಂಗಳಿಂದ ಅವನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿತ್ತು. ನೋವಿಲ್ಲ, ಆದರೆ ಎತ್ತಲಾಗದು. ಕಾರ್ಖಾನೆಯ ಡಾಕ್ಟರು ಕುರ್ಚಿಯಿಂದ ಏಳದೆಯೇ ನೋಡಿ, ಕುಡಿದು ತೋಳಿನ ಮೇಲೆ ಮಲಗಿದರೆ ಹೀಗಾಗುತ್ತದೆ ಎಂದುಬಿಟ್ಟರು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನಿಗೆ ಈ ಮಾತು! ತನ್ನ ಚಟದಿಂದಲೇ ಕೈ ಹೋಯಿತೆಂಬ ಕಾಗದಕ್ಕೆ ಅವನು ಸೋಮವಾರ ಸಹಿ ಹಾಕಬೇಕಿತ್ತು.

"ಹಾಕಿಬಿಡ್ತೀನಿ ಅಕ್ಕ," ಎಂದಿದ್ದ ಬೆಳಿಗ್ಗೆ. "ದೊಡ್ಡವರ ಹತ್ರ ಜಗಳ ಯಾಕೆ? ಸಹಿ ಹಾಕಿದ್ರೆ ಗೇಟಲ್ಲಿ ಕೂರೋ ಕೆಲಸನಾದ್ರೂ ಕೊಡ್ತಾರಂತೆ. ಇಲ್ಲಾಂದ್ರೆ ಅದೂ ಇಲ್ಲ."

"ಕುಡುಕ ಅಂತ ಬರೆದುಕೊಟ್ಟು ಗೇಟಲ್ಲಿ ಕೂರ್ತೀಯೇನೋ? ಬಿದ್ದಿರೋದು ಕೈ ತಾನೇ, ಮರ್ಯಾದೆನೂ ಬಿತ್ತಾ?"

ಅದೇ ಸಿಟ್ಟಿನಲ್ಲಿ ಅವಳು ಯಂತ್ರ ಓಡಿಸಿದಳು. ಒಂದರಲ್ಲಿ ಇತಿಹಾಸ ಓದುವ ಹುಡುಗಿಯ ಲೇಖನ, ಇನ್ನೊಂದರಲ್ಲಿ ವೈದ್ಯಕೀಯ ವಿದ್ಯಾರ್ಥಿಯದು. ಇಬ್ಬರೂ ಊಟಕ್ಕೆ ಹೋಗಿದ್ದರು. ಇವಳು ಇದರಿಂದೊಂದು ಅದರಿಂದೊಂದು ಹಾಳೆ ಎತ್ತಿ, ತೂತು ಹೊಡೆದು, ಸುರುಳಿ ತಂತಿ ಏರಿಸಿ ಒಂದೇ ಪುಸ್ತಕ ಮಾಡಿಬಿಟ್ಟಳು. ಗೊತ್ತಾದಾಗ ನಾಲಿಗೆ ಕಚ್ಚಿಕೊಂಡಳು. ಪುಟದ ಸಂಖ್ಯೆಗಳೆಲ್ಲ ಅಂಚಿನಲ್ಲಿ ಕತ್ತರಿಸಿ ಹೋಗಿದ್ದವು. ಇನ್ನು ಒಂದು ಹಾಳೆಯ ಕೊನೆಯ ಸಾಲು ಓದಿ, ಇನ್ನೊಂದರ ಮೊದಲ ಸಾಲಿಗೆ ತಾಳೆ ನೋಡಿ ಬೇರ್ಪಡಿಸದೆ ಗತ್ಯಂತರವಿರಲಿಲ್ಲ.

ಆದರೆ ಹಾಳೆಗಳು ಬೇರೆಯಾಗಲು ಒಪ್ಪಲೇ ಇಲ್ಲ. ಒಂದರ ಕೊನೆಯಲ್ಲಿ, ಇನ್ನೂರು ವರ್ಷದ ಹಿಂದೆ ಹೊಳಪಿನ ತೊಟ್ಟಿಗೆ ಕೈ ಅದ್ದುತ್ತಿದ್ದವರ ಮಣಿಕಟ್ಟು ಜೋತುಬೀಳುತ್ತಿತ್ತು ಎಂದಿತ್ತು. ಮುಂದಿನದರ ಆರಂಭದಲ್ಲಿ, ಸೀಸ ಮೈ ಸೇರಿದರೆ ಕೈ ಎತ್ತುವ ನರ ಸೋಲುತ್ತದೆ ಎಂದಿತ್ತು. ಮೊದಲು ಹೊಟ್ಟೆ ಹಿಂಡುತ್ತದೆ, ಒಸಡಿನ ಅಂಚಿಗೆ ನೀಲಿ ಗೆರೆ ಮೂಡುತ್ತದೆ ಎಂದೂ ಇತ್ತು. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಹೊಟ್ಟೆ ಹಿಡಿದುಕೊಂಡು ಮಲಗಲು ತಮ್ಮ ಶುರುಮಾಡಿ ಆರು ತಿಂಗಳಾಗಿತ್ತು.

ಸಂಜೆ ಮನೆಗೆ ಹೋದವಳೇ "ಬಾಯಿ ತೆಗಿಯೋ" ಎಂದಳು. ಕೆಳತುಟಿ ಎಳೆದು ನೋಡಿದಳು. ಗೆರೆ ಇತ್ತು. ಅವನೆದುರೇ ಅತ್ತಳು, ಆಮೇಲೆ ಮುಖ ತೊಳೆದುಕೊಂಡು ಅಂಗಡಿಯ ಬೀಗದಕೈ ಎತ್ತಿಕೊಂಡಳು.

ಎರಡು ದಿನ ಅಂಗಡಿಯ ಕಂಪ್ಯೂಟರಿನಲ್ಲಿ ಜಾಲಾಡಿದಳು. ಕೆಲವು ಲೇಖನಗಳು ಬಾಗಿಲಲ್ಲೇ ತಡೆದು, ಯಾವ ವಿಶ್ವವಿದ್ಯಾಲಯದವಳು ನೀನು ಎಂದು ಕೇಳಿದವು. "ಹೋಗತ್ಲಾಗೆ, ನೀನೊಬ್ಬನೇ ಗಂಡಸಾ?" ಎಂದು ಅವುಗಳನ್ನು ಬೈದು ಮುಂದೆ ಹೋದಳು. ಯಾರು ಬೇಕಾದರೂ ಬಿಚ್ಚಿ ಓದಿ ಎಂದು ಬರೆದವರೇ ತೆರೆದಿಟ್ಟ ಲೇಖನಗಳು ಅವಳೆಣಿಸಿದ್ದಕ್ಕಿಂತ ಎಷ್ಟೋ ಹೆಚ್ಚಿದ್ದವು. ಹೊಳಪಿನಲ್ಲಿ ಸೀಸ ಏಕೆ ಬೆರೆಸುತ್ತಾರೆಂದು ರಸಾಯನಶಾಸ್ತ್ರದವರು ಬರೆದಿದ್ದರು. ಕಾರ್ಖಾನೆಯಲ್ಲಿ ಯಾರ ಹೊಣೆ ಏನೆಂದು ಕಾನೂನಿನವರು ಬರೆದಿದ್ದರು. ಅದ್ದುವ ಹೆಂಗಸರು ತೊಟ್ಟಿಯ ಮುಂದೆ ಹಾಡುತ್ತಿದ್ದ ಹಾಡುಗಳನ್ನು ಯಾರೋ ಪುಣ್ಯಾತ್ಮರು ಕೂಡಿಸಿದ್ದರು. ಕೂದಲು ಹೆಣೆಯಲೂ ಏಳದ ಕೈಯನ್ನು ಶಪಿಸುವ ಹಾಡು ಅದರಲ್ಲಿತ್ತು. ಉಳಿದದ್ದೆಲ್ಲ ಅವಳಿಗೆ ಕಬ್ಬಿಣದ ಕಡಲೆ. ಆದರೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಅಗಿದಳು. ಅರ್ಥವಾಗದ ಕಡೆ ಆ ವೈದ್ಯಕೀಯ ವಿದ್ಯಾರ್ಥಿಯನ್ನೇ ಹಿಡಿದು ಕೂರಿಸಿದಳು. ಅವನ ಪ್ರಬಂಧ ಇನ್ನೂ ಇವಳ ಕೈಯಲ್ಲಿತ್ತು, ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ನಿಂತು, ಅದ್ದುವ ಕೋಣೆಯ ಇಪ್ಪತ್ತಾರು ಜನಕ್ಕೂ ಆ ಲೇಖನಗಳ ನಕಲಿನ ಒಂದೊಂದು ಕಟ್ಟು ಕೊಟ್ಟಳು. ಮೇಲಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಳು: ಕನ್ನಡಿ ಮುಂದೆ ಕೆಳತುಟಿ ಎಳೆದು ನೋಡಿಕೊಳ್ಳಿ. ಆಮೇಲೆ ತಮ್ಮನನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ನಡೆದಳು. ಮ್ಯಾನೇಜರು ಆಗಲೇ ಕಾಗದ, ಪೆನ್ನು ಇಟ್ಟು ಕಾಯುತ್ತಿದ್ದರು.

ಅವಳು ತನ್ನ ಕಟ್ಟನ್ನು ಆ ಕಾಗದದ ಮೇಲೇ ಇಟ್ಟಳು. "ರಕ್ತ ಪರೀಕ್ಷೆಗೆ ಬರೆದುಕೊಡಿ ಡಾಕ್ಟ್ರೇ. ಸೀಸ ಎಷ್ಟಿದೆ ನೋಡಬೇಕು."

ಡಾಕ್ಟರು ಎರಡು ಹಾಳೆ ತಿರುವಿ ನಕ್ಕರು. "ಇದು ವಿದ್ವಾಂಸರು ವಿದ್ವಾಂಸರಿಗೆ ಬರೆದಿದ್ದಮ್ಮ. ನಿಮ್ಮಂಥವರಿಗಲ್ಲ."

"ನನ್ನಂಥವರಿಗೆ ಬೇಡ ಅನ್ನೋರು ಬೀಗ ಹಾಕಿದ್ರು, ಅವರ ತಂಟೆಗೆ ನಾನು ಹೋಗಲಿಲ್ಲ. ಇವರು ಬಾಗಿಲು ತೆರೆದಿಟ್ಟು ಕರೆದ್ರು. ಬಂದೆ."

"ನಾನು ಡಾಕ್ಟರಿ ಓದಿದವನು."

"ಅದಕ್ಕೇ ಓದಿ ಅಂತ ತಂದಿದ್ದು."

ಮ್ಯಾನೇಜರು ಕಟ್ಟನ್ನು ಪಕ್ಕಕ್ಕೆ ಸರಿಸಿ, ಪೆನ್ನನ್ನು ತಮ್ಮನ ಎಡಗೈಗೆ ಹಿಡಿಸಿದರು. "ಹಾಕಪ್ಪ. ನಿಮ್ಮಕ್ಕನ ಮಾತು ಕೇಳಿ ಇರೋದನ್ನೂ ಕಳ್ಕೋಬೇಡ." ಅವನು ಪೆನ್ನು ಹಿಡಿದು ತಲೆ ತಗ್ಗಿಸಿ ನಿಂತ.

ಆಗ ಬಾಗಿಲು ತಳ್ಳಿಕೊಂಡು ಅದ್ದುವ ಕೋಣೆಯ ಮುದುಕಿ ಒಳಗೆ ಬಂದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಡಾಕ್ಟರ ಮುಂದೆ ನಿಂತು ಬೆರಳಿನಿಂದ ಕೆಳತುಟಿ ಎಳೆದು ತೋರಿಸಿದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬಳು. ಹೊರಗೆ ಕಾರಿಡಾರಿನುದ್ದಕ್ಕೂ ಸಾಲು, ತೊಟ್ಟಿಗಳ ಹತ್ತಿರ ಒಂದು ನರಪಿಳ್ಳೆಯೂ ಉಳಿದಿರಲಿಲ್ಲ. ಏಳನೆಯವಳು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗಿ. ಅವಳ ಒಸಡಿನಲ್ಲೂ ಗೆರೆ ಇತ್ತು.

"ಇವಳೂ ಕುಡಿದು ಮಲಗ್ತಾಳಾ ಡಾಕ್ಟ್ರೇ?" ಎಂದಳು ಅಕ್ಕ.

ಡಾಕ್ಟರು ಎಂಟನೆಯ ಬಾಯನ್ನು ನೋಡಲಿಲ್ಲ. ಬೆವರು ಒರೆಸಿಕೊಂಡು, ಮ್ಯಾನೇಜರ ಮುಖ ನೋಡದೆ ಚೀಟಿ ಪುಸ್ತಕ ಎಳೆದುಕೊಂಡರು. "ಎಲ್ಲರಿಗೂ ರಕ್ತ ಪರೀಕ್ಷೆ. ಒಬ್ಬೊಬ್ಬರಾಗಿ ಹೆಸರು ಹೇಳಿ."

ಪೆನ್ನನ್ನು ಮ್ಯಾನೇಜರ ಮುಂದಿಟ್ಟು, ಮುಂದೆ ಬಂದ ತಮ್ಮ.

"ನನ್ನದು ಮೊದಲು ಬರ್ಕೊಳ್ಳಿ," ಎಂದ. "ಕುಡಿಯಲ್ಲ ಅಂತಲೂ ಬರೀರಿ."